ಎರಡು ಪದದ ವಾಕ್ಯ

ಗಿಡ್ಡದು ಅಂತ ಆಸೆಪಟ್ಟು ಆರಿಸಿಕೊಂಡದ್ದೇ ಎಡವಟ್ಟಾಯಿತು.

ಊರಿನ ಕ್ರೈಸ್ತ ಪ್ರಾರ್ಥನಾ ಮಂದಿರದಲ್ಲಿ ಒಂದು ರೂಢಿ ಇತ್ತು. ಸಭೆಗೆ ಸೇರಿದ ಮನೆಯ ಹುಡುಗಿಯನ್ನು ಕೇಳಿಕೊಂಡು ಬಂದ ಗಂಡು, ನಿಶ್ಚಯಕ್ಕೆ ಮುಂಚೆ ವರ್ಷದ ಕೂಟದಲ್ಲಿ ಎಲ್ಲರ ಮುಂದೆ ನಿಂತು ಸುವಾರ್ತೆಯ ಒಂದು ವಾಕ್ಯವನ್ನು ಬಾಯಿಪಾಠ ಹೇಳಬೇಕು, ಅದರ ಅರ್ಥವನ್ನೂ ಹೇಳಬೇಕು. ವಾಕ್ಯ ಯಾವುದು ಅನ್ನುವುದು ಗಂಡಿನ ಇಷ್ಟ. ಬೇರೆ ಗಂಡುಗಳೆಲ್ಲ ದ್ರಾಕ್ಷಿ ಬಳ್ಳಿ, ತಪ್ಪಿಹೋದ ಕುರಿ ಅಂತ ಮಾರುದ್ದದ ವಾಕ್ಯ ಹಿಡಿದು, ಉಸಿರು ಕಟ್ಟಿ ಹೇಳಿ, ಹೆಂಡತಿ ಸಂಪಾದಿಸಿಕೊಂಡು ಹೋಗಿದ್ದರು. ಗಾಜಿನಂಗಡಿಯ ಕುಕ್ಕರ್ ಮಾತ್ರ ಇಡೀ ಪುಸ್ತಕ ತಿರುವಿ ಹಾಕಿ, ಸಂತೆಯಲ್ಲಿ ಹಗುರವಾದ ಮೂಟೆ ಹುಡುಕುವ ಹಮಾಲಿಯ ಹಾಗೆ, ಎಲ್ಲಕ್ಕಿಂತ ಗಿಡ್ಡದೊಂದನ್ನು ಎತ್ತಿಕೊಂಡ.

“ಯೇಸು ಅತ್ತನು.”

ಎರಡೇ ಪದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ತಲೆಗೂ ಹಿಡಿಸುವಂಥದ್ದು.

ಕುಕ್ಕರ್ ಅನ್ನುವುದು ಅಡ್ಡಹೆಸರು. ಸಿಟ್ಟು ಬಂದರೆ ಮೊದಲು ಮೂಗಿನಲ್ಲಿ ಸುಂಯ್ ಅಂತ ಸದ್ದು ಬರುತ್ತಿತ್ತು, ಆಮೇಲೆ ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕೂಗು. ಸಿಟ್ಟು ಯಾವಾಗ ಬರುತ್ತಿತ್ತು ಅಂದರೆ, ಯಾವಾಗ ಹೋಗಿತ್ತು ಅಂತ ಕೇಳಬೇಕು. ಬಡವನ ಕೋಪ ದವಡೆಗೆ ಮೂಲ ಅಂತ ಅವನ ತಾತ ದಿನಕ್ಕೊಂದು ಸಲ ಹೇಳುತ್ತಿದ್ದ. ಹೇಳುವ ತಾತನ ದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಕೂಟದ ದಿನ ಬೆಳಿಗ್ಗೆ ಕುಕ್ಕರ್ ಅಂಗಡಿಯ ಷಟರ್ ಎತ್ತುತ್ತಿದ್ದ. ಹುಡುಗಿಯ ಅಪ್ಪ ಬಂದು ನಿಂತರು. ಸಭೆಯ ಹಿರಿಯರು, ನಿವೃತ್ತ ಮೇಷ್ಟ್ರು. ಮಗಳನ್ನು ಕೊಡುವುದನ್ನೂ ಪರೀಕ್ಷೆಯ ಹಾಗೆ ನಡೆಸುತ್ತಿದ್ದವರು.

“ಏನಯ್ಯಾ, ಎರಡೇ ಪದ ಆರಿಸ್ಕೊಂಡಿದ್ದೀಯಂತೆ?”

“ಹೌದು ಸಾರ್. ಚಿಕ್ಕದಾದ್ರೂ ಸುವಾರ್ತೇನೇ ಅಲ್ವಾ?”

“ಯಾರು ಇಲ್ಲ ಅಂದ್ರು? ಅರ್ಥ?”

“ಅರ್ಥ ಏನ್ ಸಾರ್ ಅದರಲ್ಲಿ. ಅತ್ತರು. ಅಷ್ಟೇ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೇಷ್ಟ್ರುಗಳು ಕನ್ನಡಕ ಒರೆಸಿದರೆ ಯಾರಿಗೋ ಫೇಲು ಅಂತ ಅರ್ಥ.

“ನೋಡು. ಯೇಸುವಿನ ಸ್ನೇಹಿತ ಲಾಜರ ಸತ್ತಿದ್ದಾನೆ. ಸಮಾಧಿ ಮಾಡಿ ನಾಲ್ಕು ದಿನ ಆಗಿದೆ. ಯೇಸು ಬಂದದ್ದೇ ಅವನನ್ನ ಎಬ್ಬಿಸೋಕೆ. ಇನ್ನೊಂದು ಗಳಿಗೆಗೆ ಅವನು ಎದ್ದು ಬರ್ತಾನೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಯಾಕಯ್ಯಾ ಅತ್ತರು?”

ಕುಕ್ಕರ್ ಎತ್ತಿದ್ದ ಷಟರನ್ನು ಮತ್ತೆ ಅರ್ಧಕ್ಕೆ ಇಳಿಸಿದ.

“ಸಂಜೆ ಐದಕ್ಕೆ ಹೇಳು. ಹೇಳಿದ್ರೆ ಅಲ್ಲೇ ನಿಶ್ಚಯ. ಹೇಳದಿದ್ರೆ ಮುಂದಿನ ವರ್ಷದ ಕೂಟಕ್ಕೆ ನೋಡೋಣ,” ಅಂದು ಮೇಷ್ಟ್ರು ಹೊರಟರು.

ಅಲ್ಲಿಂದ ಕುಕ್ಕರನ ತಲೆಯೊಳಗೆ ಯಾರೋ ಇರುವೆ ಗೂಡು ಒಡೆದ ಹಾಗಾಯಿತು. ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಗಾಜಿನ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿದ. ಕಟರಿನ ಗಾಲಿಯನ್ನು ಸೀಮೆಎಣ್ಣೆಗೆ ಅದ್ದಿದ. ಅಡ್ಡಪಟ್ಟಿ ಇಟ್ಟು ಗೆರೆ ಎಳೆಯುವಾಗ ಗೊತ್ತಿದ್ದೂ ಯಾಕೆ ಅತ್ತರು ಅನ್ನುವುದು ನೆನಪಾಯಿತು. ಗೆರೆ ಹಾವಿನ ಹಾಗೆ ಹೊರಳಿತು. ತಟ್ಟಿದರೆ ಗಾಜು ತನಗಿಷ್ಟ ಬಂದ ಕಡೆ ಒಡೆಯಿತು.

“ಲೋ!” ಅಂತ ಒಳಗಿನಿಂದ ಯಜಮಾನ ಕೂಗಿದ. “ಏನೋ ಅದು ಸದ್ದು?”

“ಯಜಮಾನ್ರೇ, ಸತ್ತೋನು ಈಗಲೇ ಎದ್ದು ಬರ್ತಾನೆ ಅಂತ ಗೊತ್ತಿದ್ರೂ ಒಬ್ಬರು ಯಾಕೆ ಅಳ್ತಾರೆ?”

ಯಜಮಾನ ಬಂದು ಚೂರುಗಳನ್ನು ನೋಡಿದ. “ಸಮಾಧಿ ಅಂದ್ಮೇಲೆ ಧೂಳಿರುತ್ತೆ. ಕಣ್ಣಿಗೆ ಬಿದ್ದಿರುತ್ತೆ. ಈಗ ಈ ಗಾಜು ನೋಡಿ ನಾನು ಅಳ್ತೀನಿ, ಅದರ ಅರ್ಥ ಬೇಕಾದ್ರೆ ಕೇಳು, ವಿವರವಾಗಿ ಹೇಳ್ತೀನಿ. ಇವತ್ತು ನೀನು ಕಟರ್ ಮುಟ್ಟಬೇಡ. ಕನ್ನಡಿ ಕೋಣೇಲಿ ಧೂಳು ಹೊಡೆ.”

ಕನ್ನಡಿ ಕೋಣೆಯ ನಾಲ್ಕು ಗೋಡೆಗೂ ಕನ್ನಡಿ. ಎತ್ತ ತಿರುಗಿದರೂ ಕುಕ್ಕರನಿಗೆ ಕುಕ್ಕರನೇ ಎದುರು. ಬಟ್ಟೆ ಹಿಡಿದು ಒರೆಸುತ್ತ ಒರೆಸುತ್ತ ಅವನಿಗೆ ಒಂದು ಉಪಾಯ ಹೊಳೆಯಿತು. ಅಳು ಯಾಕೆ ಬರುತ್ತದೆ ಅಂತ ತಿಳಿಯಬೇಕಾದರೆ ಒಂದು ಸಲ ಅತ್ತು ನೋಡಬೇಕು. ಈಜು ಕಲಿಯುವವನು ಬಾವಿಗೆ ಇಳಿಯಬೇಡವೇ?

ಆದರೆ ಅವನು ಅತ್ತು ಎಷ್ಟೋ ವರ್ಷಗಳಾಗಿದ್ದವು. ದಾರಿ ಮರೆತುಹೋಗಿತ್ತು. ತುಟಿ ಇಳಿಬಿಟ್ಟ, ಹುಳಿ ಕಚ್ಚಿದವನಂತೆ ಕಂಡ. ಹುಬ್ಬು ಎತ್ತಿದ, ಸಾಲ ಕೊಟ್ಟವನ ಕಣ್ಣಿಗೆ ಬಿದ್ದವನಂತೆ ಕಂಡ. ಕಣ್ಣು ಕಿವುಚಿ, ಹೆಗಲು ಕುಣಿಸಿ, “ಊಂ... ಊಂ...” ಅಂತ ಶುರು ಮಾಡಿದ. ಕೋಣೆಯ ತುಂಬ ಕುಕ್ಕರುಗಳು ಹೆಗಲು ಕುಣಿಸಿದವು.

ಅಷ್ಟರಲ್ಲಿ ಬಾಗಿಲಲ್ಲಿ “ಅಯ್ಯೋ!” ಅಂತ ಒಂದು ಸ್ವರ.

ಅವನ ಪಕ್ಕದ ಮನೆಯ ಹೊಲಿಗೆ ಅತ್ತೆ. ಬಟ್ಟೆ ಹಾಕಿ ನೋಡುವವರಿಗೆ ಅಂತ ನಿಲುವುಗನ್ನಡಿ ಮಾಡಲು ಹೇಳಿದ್ದಳು, ಒಯ್ಯಲು ಬಂದಿದ್ದಳು. ಒಬ್ಬ ಹುಡುಗ ಅಳುವುದನ್ನು ನೋಡಿದರೇ ಕರುಳು ಚುರುಕ್ ಅನ್ನುವ ಹೆಂಗಸು. ಇಲ್ಲಿ ಗೋಡೆಗೊಬ್ಬ ಅಳುತ್ತಿದ್ದಾನೆ.

“ಏನಾಯ್ತೋ ಮಗನೇ?”

“ಏನಿಲ್ಲ ಅತ್ತೆ.”

“ಏನಿಲ್ದೆ ಇಷ್ಟು ಅಳ್ತಾರೇನೋ? ತಾತ ಹೇಗಿದ್ದಾರೆ?”

ತಾತ ಅಂದದ್ದೇ ಕುಕ್ಕರನ ಮೂಗು ಸುಂಯ್ ಅಂದಿತು. ಬೊಚ್ಚು ಬಾಯಿ ಇಟ್ಟುಕೊಂಡು ಸಭೆಗೆ ಬರುವುದಿಲ್ಲ ಅಂತ ಹಟ ಹಿಡಿದು, ಬೆಳಿಗ್ಗೆ ಜಗಳ ಆಡಿ, ಇದ್ದೊಂದು ಜೊತೆ ಬೂಟು ಮೆಟ್ಟಿ ಊರಾಚೆಯ ಹಲ್ಲು ಕಟ್ಟುವವನ ಹತ್ತಿರ ಹೋಗಿದ್ದ ಮುದುಕ.

“ತಾತನ ಮಾತು ಈಗ ಎತ್ತಬೇಡಿ. ನಿಮ್ಮನ್ನೊಂದು ಕೇಳ್ತೀನಿ, ಹೇಳಿ. ಸತ್ತೋರು ಮತ್ತೆ ಎದ್ದು ಬರ್ತಾರೆ ಅಂತ ಗೊತ್ತಿದ್ರೆ, ಅಳಬೇಕಾ, ಅಳಬಾರದಾ?”

ಹೊಲಿಗೆ ಅತ್ತೆಯ ಮುಖ ಸುಣ್ಣವಾಯಿತು. ಅವನ ಕೆನ್ನೆ ಸವರಿ, “ಅಳು ಕಂದಾ, ಅತ್ತುಬಿಡು,” ಅಂದು, ಕನ್ನಡಿ ಅಲ್ಲೇ ಬಿಟ್ಟು ಓಡಿದಳು.

ಓಡಿದವಳು ನೆಟ್ಟಗೆ ಅವನ ಮನೆಗೇ ಹೋದಳು. ಬಾಗಿಲಿಗೆ ಬೀಗ. ಹೊಸ್ತಿಲ ಮುಂದೆ ತಾತನ ಚಪ್ಪಲಿ. ದಿನವಿಡೀ ಕೇಳುತ್ತಿದ್ದ ಕೆಮ್ಮು ಇಲ್ಲ. ಮೇಲಿನ ಮನೆಯ ಕಾಂಪೌಂಡರ್ ಮಾಮ ಮೆಟ್ಟಿಲಿಳಿದು ಬಂದರು. ಆಸ್ಪತ್ರೆಯ ಕೆಲಸ ಬಿಟ್ಟರೂ ಆಸ್ಪತ್ರೆಯ ಮುಖ ಬಿಡದ ಮನುಷ್ಯ.

“ಹೋದ್ರಾ?” ಅಂತ ಕೇಳಿ, ಉತ್ತರ ಕಾಯದೆ ತಲೆಯಾಡಿಸಿದರು. “ಹೋದ ವಾರ ನಾಡಿ ಹಿಡಿದಾಗಲೇ ನಂಗೆ ಗೊತ್ತಾಗಿತ್ತು.”

“ಅವತ್ತು ಗುಂಡುಕಲ್ಲು ಇದ್ದ ಹಾಗಿದ್ದಾರೆ ಅಂದ್ರಲ್ಲ ನೀವು?”

“ಗುಂಡುಕಲ್ಲು ಉರುಳಲ್ವೇನಮ್ಮಾ?”

ಇಷ್ಟು ಸಾಕಾಯಿತು. ಹೆಣ ಆಸ್ಪತ್ರೆಯಲ್ಲಿದೆ ಅನ್ನುವ ಬಾಲ ಕಟ್ಟಿಕೊಂಡು ಸುದ್ದಿ ಬೀದಿಗಿಳಿಯಿತು.

ಇತ್ತ ಕುಕ್ಕರ್ ಊಟದ ಹೊತ್ತಿಗೆ ಔಷಧಿ ಅಂಗಡಿಗೆ ಓಡಿದ. ಮೇಷ್ಟ್ರ ಮಗಳು ಅಲ್ಲಿ ಮಾತ್ರೆ ಎಣಿಸಿ ಕೊಡುವ ಕೆಲಸದಲ್ಲಿದ್ದಳು.

“ನೀನಾದ್ರೂ ಹೇಳೇ. ಯಾಕೆ ಅತ್ತರು?”

“ನನ್ನ ಕೇಳ್ಬೇಡ. ಉದ್ದ ವಾಕ್ಯ ಆರಿಸ್ಕೋ, ಉದ್ದದರಲ್ಲಿ ಅರ್ಥ ಒಳಗೇ ಇರುತ್ತೆ ಅಂತ ಬಡ್ಕೊಂಡೆ. ಕೇಳಿದ್ಯಾ?”

“ಈಗ ಬೈದ್ರೆ ಏನ್ ಬಂತು? ವರ್ಷ ಕಾಯ್ತೀಯಾ?”

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ನಂಗನ್ಸೋದು, ತಡವಾಗಿ ಬಂದದ್ದಕ್ಕೆ ನಾಚಿಕೆಯಾಗಿ ಅತ್ತಿರಬೇಕು. ನೀನು ಎಷ್ಟು ಸಲ ತಡವಾಗಿ ಬಂದಿದ್ದೀಯ, ಒಂದಿನಾದ್ರೂ ಅತ್ತಿದ್ದೀಯಾ?”

ಇದು ಅರ್ಥವೋ ಬೈಗುಳವೋ ತಿಳಿಯದೆ ಕುಕ್ಕರ್ ಬೀದಿಗೆ ಬಂದ. ಬಂದರೆ ಬೀದಿಯೇ ಬದಲಾಗಿತ್ತು. ಯಾವತ್ತೂ ಕಂಡರೆ ಪಕ್ಕಕ್ಕೆ ಸರಿಯುವ ಜನ ಹತ್ತಿರ ಬಂದು ಹೆಗಲು ಮುಟ್ಟಿದರು. ಚಹಾ ಅಂಗಡಿಯವನು ಕರೆದು, ಲೋಟ ಕೈಗಿಟ್ಟು, “ಧೈರ್ಯ ತಗೋಪ್ಪಾ,” ಅಂದ.

ನನ್ನ ಪರೀಕ್ಷೆಯ ಸುದ್ದಿ ಇಡೀ ಊರಿಗೇ ಹಬ್ಬಿದೆ ಅಂದುಕೊಂಡ ಕುಕ್ಕರ್. “ಧೈರ್ಯ ಏನೋ ಇದೆ ಅಣ್ಣಾ. ಮೊದಲನೇ ಸಲ ನೋಡು, ಕೈಕಾಲು ಆಡ್ತಿಲ್ಲ.”

“ಎಲ್ಲರಿಗೂ ಒಂದಿನ ಬರೋದೇ. ಎಷ್ಟು ಹೊತ್ತಿಗೆ?”

“ಸಂಜೆ ಐದಕ್ಕೆ.”

“ಅಷ್ಟು ಬೇಗ?”

“ಬೇಗ ಮುಗಿದ್ರೆ ಸಾಕು ಅನ್ಸಿಬಿಟ್ಟಿದೆ ನಂಗೆ. ನೀನೂ ಬಾ. ತಿಂಡಿ ಇರುತ್ತೆ.”

ಚಹಾದವನು ಅವನನ್ನು ಮೇಲಿಂದ ಕೆಳಗೆ ನೋಡಿ ಕಣ್ಣೊರೆಸಿಕೊಂಡ. ಪಾಪ, ದುಃಖಕ್ಕೆ ತಲೆ ನಿಂತಿಲ್ಲ.

ಅಂಗಡಿಗೆ ಮರಳಿದರೆ ಯಜಮಾನ ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದ. “ಲೋ, ಇಂಥ ದಿನಾನೂ ಕೆಲಸಕ್ಕೆ ಬರ್ತಾರೇನೋ? ಮೊದಲೇ ಹೇಳಬಾರದಿತ್ತಾ? ಬೆಳಿಗ್ಗೆ ಬೈದದ್ದು ಮನಸ್ಸಿಗೆ ಹಾಕ್ಕೋಬೇಡ. ಮನೆಗೆ ಹೋಗು.”

ಬೈಗುಳಕ್ಕೆ ಕ್ಷಮೆ ಕೇಳುವ ಯಜಮಾನ! ಮದುವೆ ಅಂದರೆ ಇಷ್ಟು ಮರ್ಯಾದೆ ಇರುತ್ತದೆ ಅಂತ ಗೊತ್ತಿದ್ದರೆ ಹಿಂದೆಯೇ ಮಾಡಿಕೊಳ್ಳುತ್ತಿದ್ದೆನಲ್ಲ ಅಂದುಕೊಂಡು ಕುಕ್ಕರ್ ಮನೆಯ ದಾರಿ ಹಿಡಿದ. ಅರ್ಧ ದಾರಿಗೆ ತಲೆಯೊಳಗಿನ ಇರುವೆಗಳು ಮತ್ತೆ ಕಚ್ಚತೊಡಗಿದವು. ಗೊತ್ತಿದ್ದೂ ಯಾಕೆ ಅತ್ತರು? ಧೂಳು? ನಾಚಿಕೆ? ಕಲ್ಲೊಂದನ್ನು ಒದ್ದ. ಹೆಬ್ಬೆರಳು ನೊಂದಿತು, ಅರ್ಥ ಸಿಗಲಿಲ್ಲ.

ತಿರುವು ದಾಟಿದರೆ ಮನೆಯ ಮುಂದೆ ಜನವೋ ಜನ. ಬೆಂಚು ಹಾಕಿದ್ದಾರೆ. ಯಾರೋ ಹೂವು ತಂದಿದ್ದಾರೆ. ಗೋಳು.

“ಯಾರು ಸತ್ತದ್ದು?” ಅಂತ ಕೂಗಿದ.

ಹೊಲಿಗೆ ಅತ್ತೆ ಬಂದು ಅವನನ್ನು ತಬ್ಬಿಕೊಂಡಳು. “ತಾತ ಹೋಗಿಬಿಟ್ರಲ್ಲೋ ಮಗನೇ!”

“ತಾತನಾ? ಸತ್ತಿಲ್ಲ ಅತ್ತೆ! ಬರ್ತಾನೆ, ಈಗ ಬರ್ತಾನೆ!”

ಜನರ ಗೋಳು ಇಮ್ಮಡಿಯಾಯಿತು. “ನೋಡ್ರಪ್ಪಾ, ಇನ್ನೂ ಬರ್ತಾರೆ ಅಂತಾನೇ ಕಾಯ್ತಿದ್ದಾನೆ,” ಅಂದಳೊಬ್ಬಳು.

“ಹಲ್ಲು ಕಟ್ಟಿಸ್ಕೊಳ್ಳೋಕೆ ಹೋಗಿದ್ದಾನೆ, ಮಾರಾಯ್ರೇ! ಬೂಟು ಹಾಕ್ಕೊಂಡು ಹೋಗಿದ್ದಾನೆ!”

“ಹಲ್ಲಂತೆ, ಬೂಟಂತೆ,” ಅಂತ ಕಾಂಪೌಂಡರ್ ಮಾಮ ನಿಟ್ಟುಸಿರಿಟ್ಟರು. “ಆಘಾತ. ನಾಲ್ಕು ಜನ ಹಿಡ್ಕೊಳ್ಳಿ.”

ನಾಲ್ಕು ಜನ ಹಿಡಿದುಕೊಂಡರು. ಕುಕ್ಕರನ ಮೂಗು ಸುಂಯ್ ಅಂದಿತು, ಕಿವಿ ಕೆಂಪಾಯಿತು, ಕೂಗು ಗಂಟಲಿಗೆ ಬಂತು. ಇಡೀ ಬೀದಿಯನ್ನು ಎತ್ತಿ ಒಗೆಯುವಷ್ಟು ಸಿಟ್ಟು. ಬಾಯಿ ತೆರೆದ.

ಆಗ ಹೊಲಿಗೆ ಅತ್ತೆ ಅವನ ಮನೆಯ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದಳು. “ರಾತ್ರಿ ಮಿಷನ್ ತುಳಿದ್ರೆ ಇನ್ನು ಯಾರು ಗೋಡೆ ಗುದ್ದಿ ಬೈತಾರೆ? ಒಂಟಿ ಹೆಂಗಸಿಗೆ ಅಂತ ಗೋಡೆಯ ಈ ಕಡೆ ಒಂದು ಜೀವ ಎಚ್ಚರ ಇತ್ತಲ್ಲಪ್ಪಾ!” ಅತ್ತೆಗೂ ತಾತನಿಗೂ ಆ ಗೋಡೆಯ ವಿಷಯಕ್ಕೆ ಆಗದ ಜಗಳವಿಲ್ಲ. ಕಾಂಪೌಂಡರ್ ಮಾಮನೂ ಮೆಟ್ಟಿಲ ಮೇಲೆ ಕುಸಿದಿದ್ದರು. “ನನ್ನ ಪೇಪರ್ ನನಗಿಂತ ಮುಂಚೆ ಓದಿ, ಯಾರು ಸತ್ರು ಅಂತ ಕೂಗಿ ಹೇಳ್ತಿದ್ದ, ಕಳ್ಳ,” ಅನ್ನುತ್ತಾ ಆಸ್ಪತ್ರೆಯ ಮುಖ ಕಳಚಿ ಬಿದ್ದು, ಮಗುವಿನ ಹಾಗೆ ಬಿಕ್ಕಿದರು.

ಕುಕ್ಕರನ ಕೂಗು ಗಂಟಲಲ್ಲೇ ಎಲ್ಲೋ ದಾರಿ ತಪ್ಪಿತು. ತಾತ ಬದುಕಿದ್ದಾನೆ ಅಂತ ಅವನಿಗೆ ಗೊತ್ತು. ಇನ್ನೊಂದು ಗಳಿಗೆಗೆ ಆ ತಿರುವಿನಲ್ಲಿ ಬಂದೇ ಬರುತ್ತಾನೆ ಅಂತಲೂ ಗೊತ್ತು. ಗೊತ್ತಿದ್ದರೂ ಎದೆಯೊಳಗೆ ಏನೋ ಗೆರೆ ಎಳೆದು ತಟ್ಟಿದ ಗಾಜಿನ ಹಾಗೆ ಟಪ್ಪೆಂದಿತು. ಹಿಡಿದಿದ್ದ ನಾಲ್ವರ ಕೈಯಲ್ಲೇ ಅವನು ಹೋ ಅಂತ ಅತ್ತ. ಕನ್ನಡಿ ಮುಂದೆ ಎಷ್ಟು ಕರೆದರೂ ಬಾರದ್ದು ಈಗ ನಿಲ್ಲಿಸಿದರೂ ನಿಲ್ಲಲಿಲ್ಲ.

“ಯಾರ್ ಶತ್ತಿದ್ದು?”

ಎಲ್ಲರೂ ತಿರುಗಿದರು. ತಿರುವಿನಲ್ಲಿ ತಾತ. ಕಾಲಲ್ಲಿ ಬೂಟು, ಬಾಯಿ ತುಂಬ ಹಲ್ಲು. ಹಲ್ಲು ಕಟ್ಟುವವನು ಅಳತೆ ತಪ್ಪಿದ್ದನೋ, ಬೇರೆ ಯಾರದೋ ಕೊಟ್ಟಿದ್ದನೋ. ತುಟಿ ಮುಚ್ಚಲು ಬರುತ್ತಿರಲಿಲ್ಲ. ಸತ್ತವನು ಇಷ್ಟು ಹಲ್ಲು ಕಿರಿದು ಎದುರಿಗೆ ಬಂದರೆ ಜನ ಏನು ಮಾಡಬೇಕು? ಒಬ್ಬಳು ಕಿಟಾರನೆ ಕಿರುಚಿದಳು. ಒಬ್ಬ ಬೆಂಚಿನಡಿ ಸೇರಿದ. ಹೊಲಿಗೆ ಅತ್ತೆ ಮಾತ್ರ ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು.

“ಇದ್ದೀನಿ ಅಂತ ಒಂದು ಮಾತು ಹೇಳಿ ಹೋಗೋಕೇನಾಗಿತ್ತು ನಿಮಗೆ? ಮಧ್ಯಾಹ್ನದಿಂದ ಒಂದು ಹೊಲಿಗೆ ಹಾಕಿಲ್ಲ ನಾನು!”

“ನನ್ನ ಲೆಕ್ಕದಲ್ಲಿ ಈಗಲೂ...” ಅಂತ ಕಾಂಪೌಂಡರ್ ಮಾಮ ತಾತನ ಕೈ ಹಿಡಿದು ನಾಡಿ ಹುಡುಕತೊಡಗಿದರು.

ಈ ಗದ್ದಲದಲ್ಲಿ ಕುಕ್ಕರನ ಬೆನ್ನಿಗೆ ಕೈಯೊಂದು ಬಿತ್ತು. ಸುದ್ದಿ ಕೇಳಿ ಬಂದಿದ್ದ ಮೇಷ್ಟ್ರು.

“ಏನಯ್ಯಾ, ತಾತ ಅಲ್ಲಿ ನಿಂತಿದ್ದಾರೆ. ನೀನ್ಯಾಕೆ ಇನ್ನೂ ಅಳ್ತಿದ್ದೀಯ?”

“ಅವನು ಬರ್ತಾನೆ ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು ಸಾರ್. ಆದ್ರೆ ಇವರು ಅಳೋದನ್ನ ನೋಡಿ ತಡ್ಕೊಳ್ಳೋಕೆ ಆಗ್ಲಿಲ್ಲ. ಅವರಿಗೆ ಗೊತ್ತಿಲ್ವಲ್ಲ ಸಾರ್, ಅವರ ದುಃಖ ನಿಜಾನೇ ಅಲ್ವಾ?”

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಲಿಲ್ಲ, ಹಾಗೇ ಹಾಕಿಕೊಂಡರು. “ಹೂಂ. ಮುಖ ತೊಳ್ಕೊಂಡು ಬಾ,” ಅಂದು ಯಾವತ್ತಿಗಿಂತ ಬಿರಬಿರನೆ ನಡೆದುಹೋದರು.

ಮುಖಕ್ಕೆ ನೀರು ಹಾಕಿಕೊಳ್ಳುವಾಗ ಕುಕ್ಕರ್ ತಟ್ಟನೆ ನಿಂತ.

“ತಾತಾ! ಸಿಕ್ತು!”

“ಏನ್ ಶಿಕ್ತು?”

“ಅರ್ಥ! ಗೊತ್ತಿದ್ದೂ ಅತ್ತದ್ದು ಅದಕ್ಕೇ. ಎದುರಿಗೆ ಲಾಜರನ ಅಕ್ಕತಂಗೀರು ಮಾರ್ಥಾ, ಮರಿಯಾ ಅಳ್ತಿದ್ರು. ಅವರನ್ನ ನೋಡಿ ಅತ್ತರು. ಅಷ್ಟೇ ತಾತಾ!”

ಜನ್ಮದಲ್ಲಿ ಮೊದಲ ಸಲ ಒಂದು ವಿಷಯ ಅವನಿಗೆ ಯಾರೂ ಹೇಳಿಕೊಡದೆ, ಕಿವಿ ಹಿಂಡದೆ, ಬೆಂಚಿನ ಮೇಲೆ ನಿಲ್ಲಿಸದೆ ತಿಳಿದಿತ್ತು. ತಾತನನ್ನು ಎಳೆದುಕೊಂಡು ಮಂದಿರಕ್ಕೆ ಓಡಿದ.

ಮಂದಿರ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮಗಳು ಅವನನ್ನು ನೋಡಿ ಹುಬ್ಬೆತ್ತಿದಳು. ಸಿಕ್ಕಿತು ಅಂತ ಕುಕ್ಕರ್ ಹೆಬ್ಬೆರಳು ತೋರಿಸಿದ. ಅವಳ ಮುಖ ಅರಳಿತು. ಇನ್ನು ಎದ್ದು ನಿಲ್ಲುವುದೊಂದೇ ಬಾಕಿ. ಅಷ್ಟರಲ್ಲಿ ಮೇಷ್ಟ್ರು ಎದ್ದರು. ಕೂಟದಲ್ಲಿ ಹಿರಿಯರದು ಮೊದಲ ಮಾತು.

“ಪ್ರಿಯರೇ, ಇವತ್ತು ನಮ್ಮ ಹುಡುಗ ಒಂದು ಚಿಕ್ಕ ವಾಕ್ಯ ಆರಿಸಿಕೊಂಡಿದ್ದಾನೆ. ಎಷ್ಟೋ ವರ್ಷಗಳಿಂದ ನನ್ನನ್ನು ಕಾಡಿದ ವಾಕ್ಯ. ಇವತ್ತು ಮಧ್ಯಾಹ್ನ ನಾನೊಂದು ಮನೆಗೆ ಹೋಗಿದ್ದೆ. ಸತ್ತರು ಅಂತ ಜನ ಅಳುತ್ತಿದ್ದರು. ಸತ್ತಿಲ್ಲ, ಈಗ ಬರುತ್ತಾರೆ ಅಂತ ನನ್ನ ಮನಸ್ಸಿಗೆ ಗೊತ್ತಿತ್ತು. ಆದರೂ ಆ ಅಳುವವರ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಪ್ರಿಯರೇ. ಆಗ ತಿಳಿಯಿತು. ಅವರಿಗೆ ಗೊತ್ತಿರಲಿಲ್ಲ, ಆದರೆ ಅವರ ದುಃಖ ನಿಜ. ಅದಕ್ಕೇ ಯೇಸು ಅತ್ತರು.”

ಮಂದಿರದ ತುಂಬ ಮೂಗೊರೆಸುವ ಸದ್ದು. ತಾತ ಮಾತ್ರ ಧಡಕ್ಕನೆ ಎದ್ದ. “ಶುಳ್ಳು! ಅತ್ತದ್ದು ಇವ್ನಲ್ಲ! ನನ್ನ ಮೊಫ... ಫಗ...” ಅಷ್ಟರಲ್ಲಿ ಹಲ್ಲು ಜಾರಿ ಮಾತಿಗೆ ಅಡ್ಡ ನಿಂತವು. “ನೋಡಿ, ಹಿರಿಯ ಜೀವಕ್ಕೆ ಮಾತೇ ಹೊರಡುತ್ತಿಲ್ಲ,” ಅಂತ ಪಕ್ಕದವರು ಕೈಹಿಡಿದು ಕೂರಿಸಿದರು.

“ಬಾರಯ್ಯಾ,” ಅಂದರು ಮೇಷ್ಟ್ರು. “ಈಗ ನಿನ್ನ ಸರದಿ.”

ಕುಕ್ಕರ್ ಎದ್ದು ನಿಂತ.

“ಯೇಸು ಅತ್ತನು,” ಅಂದ. “ಯಾಕೆ ಅಂದ್ರೆ... ಅಳ್ತಿದ್ದೋರನ್ನ ನೋಡಿ.”

ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು.

“ಅದನ್ನ ಈಗ ತಾನೇ ನಾನು ಹೇಳಿದೆನಲ್ಲಪ್ಪಾ,” ಅಂದರು ಮೇಷ್ಟ್ರು ಮೃದುವಾಗಿ. “ನಿಂದು ಹೇಳು.”

“ಅದು ನಂದೇ ಸಾರ್!”

ಈಗ ಇಡೀ ಮಂದಿರವೇ ನಕ್ಕಿತು. ಮೇಷ್ಟ್ರೂ ನಕ್ಕರು, ದೊಡ್ಡ ಮನಸ್ಸಿನಿಂದ. “ಕಾಪಿ ಹೊಡೆಯೋದು ಶಾಲೇಲೇ ನಡೀಲಿಲ್ಲ, ಇಲ್ಲಿ ನಡೆಯುತ್ತಾ? ಅರ್ಥ ಅನ್ನೋದು ಸ್ವಂತ ಹೊಟ್ಟೆಯಿಂದ ಬರಬೇಕು.”

ಕುಕ್ಕರ್ ದಿಕ್ಕೆಟ್ಟು ಮುಂದಿನ ಸಾಲಿನ ಕಡೆ ನೋಡಿದ. ಅವಳು ತಲೆ ತಗ್ಗಿಸಿ, ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಅಪ್ಪ ಹೇಳಿದ್ದನ್ನೇ ಹೇಳ್ತೀಯಲ್ಲೋ, ಸ್ವಲ್ಪ ತಿರುಗಿಸಿ ಮುರುಗಿಸಿ ಆದ್ರೂ ಹೇಳಬಾರದಿತ್ತಾ?”

ಮೂಗು ಸುಂಯ್ ಅನ್ನಲಿಲ್ಲ, ಕಿವಿ ಕೆಂಪಾಗಲಿಲ್ಲ, ಕೂಗೂ ಬರಲಿಲ್ಲ. ಬೆಳಗಿನಿಂದ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಗೇ ಕಣ್ಣಿಗೆ ನುಗ್ಗಿ, ದಳದಳನೆ ಕೆನ್ನೆಯ ಮೇಲೆ ಇಳಿಯಿತು.

“ಅಯ್ಯೋ ಪಾಪ, ನೋಡ್ರೇ,” ಅಂದಳು ಎರಡನೇ ಸಾಲಿನ ಹೆಂಗಸು, ಸೆರಗಿನಿಂದ ತನ್ನ ಕಣ್ಣನ್ನೂ ಒತ್ತಿಕೊಳ್ಳುತ್ತಾ. “ಮೇಷ್ಟ್ರ ಮಾತು ಹುಡುಗನಿಗೆ ಎಷ್ಟು ನಾಟಿದೆ!”

ಮೇಷ್ಟ್ರು ಇಳಿದು ಬಂದು ಅವನ ಬೆನ್ನು ತಟ್ಟಿದರು.

“ಸಂತೋಷ ಕಣಯ್ಯಾ. ಈ ವರ್ಷ ಕಣ್ಣೀರು ಬಂದಿದೆ. ಮುಂದಿನ ವರ್ಷಕ್ಕೆ ಅರ್ಥಾನೂ ಬರುತ್ತೆ.”